ಗಳಿಗೆ ಬಟ್ಟಲು ಮುಳುಗುವವರೆಗೆ

ನೀಲಾ, ಮಲ್ಲು,

ಹೋದ ಸಲ ನೀವಿಬ್ಬರೂ ಬಂದಾಗ ನೀಲಾ ಪುಸ್ತಕ ಹಿಡಿದು ಕಿಟಕಿಯ ಹತ್ತಿರ ಕೂತಿದ್ದಳು. ಹಾಳೆ ಮಾತ್ರ ಮಗುಚುತ್ತಿರಲಿಲ್ಲ. ಟೈಫಾಯ್ಡ್ ಬಿಟ್ಟು ಬಹಳ ದಿನವಾಗಿತ್ತು, ಮುಖಕ್ಕೆ ಕಳೆಯೂ ಬಂದಿತ್ತು. ಆದರೂ, "ಆಯೀ, ಒಂದ ಸಾಲು ಎಷ್ಟ ಸಲ ಓದಿದ್ರೂ ತಲಿಯಾಗ ನಿಂದ್ರವಲ್ದು. ನನಗ ಹುಚ್ಚ ಹಿಡದದೇನ?" ಎಂದು ಕೇಳಿದಳು. ಮಲ್ಲು ಕೂತಲ್ಲಿಂದಲೇ, "ಜ್ವರಕ್ಕಿಂತ ಮೊದ್ಲ ಭಾಳ ನಿಂದ್ರತಿತ್ತೇನು?" ಎಂದ. ಅವಳು ಅವನ ಮೇಲೆ ಪೆನ್ಸಿಲ್ ಎಸೆದಳು. ನಾನೂ ನಕ್ಕೆ. ನಕ್ಕು ಒಳಗೆ ಹೋಗಿ ಅಡಿಗೆಮನೆಯ ಗೋಡೆಗೆ ಆನಿಕೊಂಡು ನಿಂತೆ. ನಾನು ಅವಳಿಗೆ ಹೇಳಬೇಕಾದ ಮಾತು ಇತ್ತು, ಬಾಯಿಗೆ ಬರಲಿಲ್ಲ.

ನನ್ನ ಸ್ವಭಾವ ನಿಮಗೆ ಗೊತ್ತು. ನಾಲ್ಕು ಜನ ಕೂತಲ್ಲಿ ನನ್ನ ದನಿ ಏಳುವುದಿಲ್ಲ. ನಮ್ಮ ಕಾಲದಲ್ಲಿ ಸರ್ಕಾರಿ ಸಾಲೆಯೆಂದರೆ ಉರ್ದು ಸಾಲೆ; ಕನ್ನಡ ಬೇಕಾದವರಿಗೆ ಊರಿನ ಮಠದ ಕಟ್ಟೆ. ಆ ಮಠದ ಅಯ್ಯನವರೇ ನನ್ನ ಅಪ್ಪ. ಕಟ್ಟೆಯ ಮೇಲೆ ಉಸುಕು ಹರವಿ ಬೆರಳಿನಿಂದ ಬರೆಸುತ್ತಿದ್ದರು. ಅಷ್ಟೇ ನನ್ನ ಓದು. ಬಾಯಿಗಿಂತ ಕೈ ನನಗೆ ಹಗುರ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅವ್ವ ಶರಣಮ್ಮ ಹುಟ್ಟಿದ್ದು ನನ್ನ ಹೊಟ್ಟೆಯಲ್ಲಿ, ಬೆಳೆದದ್ದು ಕಮಲಾಪುರದಲ್ಲಿ, ನನ್ನ ಯಜಮಾನರ ಅಕ್ಕ ಗಂಗಮ್ಮನ ಮನೆಯಲ್ಲಿ. ಇದು ನಿಮಗೆ ಗೊತ್ತು. ಅವಳು ಗಂಗಮ್ಮನನ್ನು ಅವ್ವ ಎನ್ನುತ್ತಾಳೆ, ನನ್ನನ್ನು ಮಾಮಿ ಎನ್ನುತ್ತಾಳೆ. ಅದೂ ಗೊತ್ತು. ಯಾಕೆ ಹೀಗಾಯಿತು ಎನ್ನುವುದನ್ನು ನಿಮಗೆ ಯಾರೂ ಹೇಳಿಲ್ಲ. ನೀಲಾ, ನಿನಗೆ ಬಂದದ್ದು ನನಗೂ ಬಂದಿತ್ತು. ನಿನ್ನದು ಇಳಿಯುತ್ತದೆ, ನನ್ನದರಷ್ಟು ಅದು ಬಲಿತಿಲ್ಲ. ಅಂಜಬೇಡ ಎಂದು ಹೇಳುವುದಕ್ಕಾಗಿ ನನ್ನ ಕತೆ ಹೇಳುತ್ತೇನೆ.

ಆಗ ನಾವು ಕಲಬುರ್ಗಿಯಲ್ಲಿ ರೋಜಾ ದರ್ಗಾದ ಹಿಂದಿನ ಓಣಿಯಲ್ಲಿ ಬಾಡಿಗೆಗೆ ಇದ್ದೆವು. ನಾನು, ಯಜಮಾನರು, ಅತ್ತೆ, ಮತ್ತು ಆಗಷ್ಟೇ ನಡೆಯಲು ಕಲಿತಿದ್ದ ನಿಮ್ಮ ಅವ್ವ ಶರಣಿ. ಯಜಮಾನರು ಸ್ಟೇಶನ್ ಬಜಾರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ನಿಜಾಮರ ರಾಜ್ಯದ ಕಡೆಯ ವರ್ಷ ಅದು. ರಜಾಕಾರರ ಹೆಸರು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಷ್ಟೋ ಮನೆಯವರು ಗಂಟುಮೂಟೆ ಕಟ್ಟಿ ಸೊಲ್ಲಾಪುರದ ಕಡೆ ಹೋಗಿದ್ದರು. ನಾವೂ ಹೋಗಬೇಕೆಂದು ಮಾತಾಗುತ್ತಿರುವಾಗಲೇ ನಾನು ಜ್ವರದಿಂದ ಮಲಗಿದೆ.

ಪಕ್ಕದ ಮನೆಯ ಅಮೀನಾಬಿ ನನ್ನ ಹೊಟ್ಟೆ, ನಾಲಿಗೆ ನೋಡಿ, "ಮೋತಿಝರಾ ಅದ ಬಾಯಿ ಇದು, ತಡಾ ಮಾಡಬ್ಯಾಡ್ರಿ" ಎಂದಳು. ಟೈಫಾಯ್ಡಿಗೆ ಆಗ ಅದೇ ಹೆಸರು. ಅತ್ತೆ ದೃಷ್ಟಿ ತೆಗೆದರು, ಹಣೆಗೆ ಅಂಗಾರದ ಬೂದಿ ಹಚ್ಚಿದರು. ಜ್ವರ ಇಳಿಯಲಿಲ್ಲ. ಮುಂದಿನದು ನನಗೆ ನೆನಪಿಲ್ಲ. ಬೇರೆಯವರು ಹೇಳಿ ಗೊತ್ತು. ನಾನು ಹಾಡುತ್ತಿದ್ದೆನಂತೆ, ಅದೂ ಬೀಗರನ್ನು ಬಯ್ಯುವ ಲಗ್ನದ ಹಾಡು. ಜನರೆದುರು ಎಂದೂ ಬಾಯಿ ತೆರೆಯದ ಸೊಸೆ ದೊಡ್ಡ ದನಿಯಲ್ಲಿ ಬೀಗಿತ್ತಿಯನ್ನು ಬಯ್ಯುತ್ತಿದ್ದಾಳೆ! ಅತ್ತೆ ಆ ಮಾತು ಸಾಯುವವರೆಗೂ ಬಿಡಲಿಲ್ಲ. "ಜ್ವರದಾಗ ನನಗ ಕತ್ತೆ ಮಾರಿ ಅಂದಾಳ, ಮನಸಿನ್ಯಾಗ ಇದ್ದದ್ದ ಬಾಯಿಗಿ ಬಂತು" ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ದವಾಖಾನೆಯಲ್ಲಿ ಕಣ್ಣು ಬಿಟ್ಟಾಗ ನನ್ನ ತಲೆ ಹಗುರವಾಗಿತ್ತು. ಮುಟ್ಟಿ ನೋಡಿದರೆ ಕೂದಲಿಲ್ಲ. ಜಡೆಗಟ್ಟಿತ್ತೆಂದು ಆಯಾ ಕತ್ತರಿಸಿ ಹಾಕಿದ್ದಳು. ಅತ್ತೆ ನನ್ನ ಜೀವ ಉಳಿದದ್ದಕ್ಕೆ ಅತ್ತರೋ ಕೂದಲು ಹೋದದ್ದಕ್ಕೆ ಅತ್ತರೋ ತಿಳಿಯಲಿಲ್ಲ. "ಮುತ್ತೈದಿ ತಲಿ ಬೋಳ ಮಾಡ್ಯಾರಲ್ಲೋ ಶಿವನೇ!" ಎಂದು ವರಾಂಡದಲ್ಲಿ ಕೂತು ಎದೆ ಬಡಿದುಕೊಂಡರಂತೆ. ಆ ವರಾಂಡ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನೆಲದ ಮೇಲೆ ಜನವೋ ಜನ. ರೊಟ್ಟಿಯ ಗಂಟು, ನೀರಿನ ತಂಬಿಗೆ, ಬುರಖಾದವರು, ಸೆರಗಿನವರು. ಹೊರಗೆ ಒಬ್ಬರಿಗೊಬ್ಬರು ಅಂಜುತ್ತಿದ್ದವರೆಲ್ಲ ಅಲ್ಲಿ ಒಂದೇ ಬಾಗಿಲ ಕಡೆ ನೋಡುತ್ತ ಕೂತಿದ್ದರು. ಆಳಂದದ ಕಡೆಯ ಒಬ್ಬ ಹೆಂಗಸು ಅಲ್ಲೇ ನನ್ನ ಪಕ್ಕದ ಮಂಚದಲ್ಲಿದ್ದ ಗಂಡನಿಗೆ ಬೀಸಣಿಗೆ ಬೀಸುತ್ತ, ಕೈಯನ್ನು ಇನ್ನಷ್ಟು ಚಾಚಿ ನನಗೂ ಗಾಳಿ ಬರುವಂತೆ ಬೀಸುತ್ತಿದ್ದಳು. ಅವಳ ಹೆಸರು ನಾನು ಕೇಳಲಿಲ್ಲ. ಅವಳ ಗಂಡನ ಮಂಚ ಒಂದು ದಿನ ಖಾಲಿಯಾಯಿತು, ಅವಳೂ ಕಾಣಲಿಲ್ಲ.

ಮನೆಗೆ ಕಳಿಸುವಾಗ ವಯಸ್ಸಾದ ಡಾಕ್ಟರರು ಯಜಮಾನರಿಗೆ ಹೇಳಿದರು: "ಬುಖಾರ್ ತಲಿಗಿ ಏರಿತ್ತು. ಜೀವ ವಾಪಸ್ ಬಂದದ, ಧ್ಯಾನ ಇನ್ನಾ ಬಂದಿಲ್ಲ. ಥೋಡಾ ಕಾಮ್, ಥೋಡಾ ಆರಾಮ್. ದಣಿಯೂದಕ್ಕಿಂತ ಮೊದಲ ಕುಂದ್ರಬೇಕು, ದಣಿದ ಮ್ಯಾಗ ಅಲ್ಲ." ಮೂರು ಮಂದಿಯೂ ತಲೆಯಾಡಿಸಿದೆವು. ಯಾರಿಗೂ ಅರ್ಥವಾಗಿರಲಿಲ್ಲ.

ಮನೆಗೆ ಬಂದ ಮೇಲೆ ಅರ್ಥವಾಯಿತು, ಧ್ಯಾನವೆಂದು ಅವರು ಅಂದದ್ದು ಗಮನಕ್ಕೆ. ಜನ ಅದನ್ನು ಮರೆವು ಎಂದರು. ಅದು ಮರೆವಲ್ಲ ನೀಲಾ. ಮರೆತದ್ದು ನೆನಪಿಸಿದರೆ ಬರುತ್ತದೆ. ನನಗೆ ಆಗುತ್ತಿದ್ದುದು ಬೇರೆ. ಕೈಯಲ್ಲಿ ಕೊಡ ಇರುತ್ತಿತ್ತು, ನಾನು ಅಂಗಳದ ನಡುವೆ ನಿಂತಿರುತ್ತಿದ್ದೆ, ಎಲ್ಲಿಂದ ಬಂದೆ ಎಲ್ಲಿಗೆ ಹೊರಟೆ ಎಂಬುದು ಇರುತ್ತಿರಲಿಲ್ಲ. ಒಲೆಯ ಮೇಲೆ ಬೇಳೆ ಸೀದು ಓಣಿಗೆಲ್ಲ ವಾಸನೆ ಹೋದರೂ ಒಲೆಯ ಮುಂದೆಯೇ ಕೂತ ನನಗೆ ಗೊತ್ತಾಗುತ್ತಿರಲಿಲ್ಲ. ಕೆಲಸದ ನಡುವೆ ನಾನೇ ಇಲ್ಲವಾಗುತ್ತಿದ್ದೆ. ಎಷ್ಟು ಹೊತ್ತು ಎನ್ನುವುದು ಬೇರೆಯವರ ಮುಖ ನೋಡಿ ತಿಳಿದುಕೊಳ್ಳಬೇಕಾಗಿತ್ತು.

ಒಂದು ಬೆಳಿಗ್ಗೆ ಶರಣಿಗೆ ಎಣ್ಣೆ ಹಚ್ಚಿ, ಅಂಗಳದ ನೀರಿನ ತೊಟ್ಟಿಯ ಪಕ್ಕ ನಿಲ್ಲಿಸಿ, ಮೈ ಒರೆಸುವ ಪಂಚೆ ತರಲು ಒಳಗೆ ಹೋದೆ. ಒಳಗೆ ಹೋದವಳು ಬಟ್ಟೆ ಮಡಿಸುತ್ತ ನಿಂತೆ. ಗೋಡೆಯಾಚೆಯಿಂದ ಅಮೀನಾಬಿಯ ಕೂಗು ಕೇಳಿತು, "ಯಾ ಅಲ್ಲಾ! ಬಚ್ಚೀ! ಬಚ್ಚೀ ನೀರಾಗ!" ಆ ಕೂಗು ಕೇಳಿದ ಮೇಲೂ ಯಾರ ಬಚ್ಚಿ ಎಂದು ನಾನು ಯೋಚಿಸುತ್ತಿದ್ದೆ. ಹೊರಗೆ ಬಂದಾಗ ಅಮೀನಾಬಿ ಗೋಡೆ ಹತ್ತಿ ಹಾರಿ ಬಂದು, ಕೂಸನ್ನು ತಲೆಕೆಳಗು ಮಾಡಿ ಬೆನ್ನು ತಟ್ಟುತ್ತಿದ್ದಳು. ಅವಳ ಮೊಣಕಾಲು ತರಚಿ ರಕ್ತ ಸುರಿಯುತ್ತಿತ್ತು. ಶರಣಿ ಕೆಮ್ಮಿದಳು, ನೀರು ಕಾರಿದಳು, ಅತ್ತಳು. ನನ್ನ ಕೈಯಲ್ಲಿ ಮಡಿಸಿದ ಪಂಚೆ ಇತ್ತು.

ಅತ್ತೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸಂಜೆ ಮಗನಿಗೆ ಹೇಳಿದರು: "ಗಂಗಿಗಿ ಹೇಳಿ ಕಳಸು. ಕೂಸ ಕಮಲಾಪುರದಾಗ ಇರ್ಲಿ. ಇಕಿ ಮುಂಜಾನಿಂದ ದೀಪ ಹಚ್ಚೂತನಕ ಮನಿ ಹಿಡದು ತೋರಸ್ಲಿ, ಆ ದಿನ ನಾನ ಹೋಗಿ ಕರ್ಕೊಂಡ ಬರ್ತೀನಿ." ಯಜಮಾನರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಗಂಗಮ್ಮನಿಗೆ ಮಕ್ಕಳಾಗಿರಲಿಲ್ಲ. ಮರುದಿನವೇ ಬಂದರು. ಶರಣಿ ಬಂಡಿಯಲ್ಲಿ ಕೂತು ಎತ್ತಿನ ಕೊರಳ ಗಂಟೆಗೆ ಚಪ್ಪಾಳೆ ತಟ್ಟುತ್ತ ಹೋದಳು. ಓಣಿಯ ತಿರುವಿನಲ್ಲೂ ಹಿಂದೆ ತಿರುಗಿ ನೋಡಲಿಲ್ಲ. ಅವಳಿಗೆ ಏನು ಗೊತ್ತು?

ಸುದ್ದಿ ತಿಳಿದು ಅಪ್ಪ ಊರಿನಿಂದ ಬಂದರು. ಡಾಕ್ಟರರ ಮಾತನ್ನು ಎರಡು ಸಲ ಕೇಳಿಸಿಕೊಂಡು, "ಥೋಡಾ ಅಂದ್ರ, ಸ್ವಲ್ಪ ಕೆಲಸಾ ಅಂದ್ರ ಎಷ್ಟ?" ಎಂದರು. ಮುಂದಿನ ಸಲ ಬಂದಾಗ ಅಪ್ಪನ ಜೋಳಿಗೆಯಲ್ಲಿ ಗಳಿಗೆ ಬಟ್ಟಲು ಇತ್ತು.

ನೀವು ಅದನ್ನು ನೋಡಿರಲಿಕ್ಕಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ತಾಮ್ರದ ಬಟ್ಟಲು, ತಳದಲ್ಲಿ ಸೂಜಿ ಹೋಗುವಷ್ಟೇ ತೂತು. ಕೊಪ್ಪರಿಗೆಯ ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಮೆಲ್ಲಗೆ ಏರಿ, ಒಂದು ಗಳಿಗೆಯಾದಾಗ ಮುಳುಗುತ್ತದೆ. ಅರ್ಧ ತಾಸಿಗಿಂತ ಸ್ವಲ್ಪ ಕಡಿಮೆ. ಲಗ್ನದ ಮುಹೂರ್ತ ನೋಡುವುದು ಅದರಿಂದಲೇ. ಬಟ್ಟಲು ನೋಡುತ್ತ ಕೂತವರಿಗೆ ಒಂದು ನೇಮವಿತ್ತು. ಅದು ತೇಲುತ್ತಿರುವಾಗ ಅವರು ಮಾತಾಡಬಾರದು, ಅತ್ತಿತ್ತ ನೋಡಬಾರದು, ಯಾರು ಕರೆದರೂ ಓ ಎನ್ನಬಾರದು. ಕಣ್ಣು ತಪ್ಪಿದರೆ ಎರಡು ಮನೆಯವರ ಮುಹೂರ್ತ ತಪ್ಪಿತೆಂದೇ ಲೆಕ್ಕ. ಊರಿನವರು ಗಡಿಯಾರ ತಂದ ಮೇಲೆ ಅಪ್ಪನ ಬಟ್ಟಲಿಗೆ ಕೆಲಸ ಕಡಿಮೆಯಾಗಿತ್ತು.

"ಬಟ್ಟಲ ತೇಲೂತನಕ ಒಂದ ಕೆಲಸ. ಜ್ವಾಳಾ ಹಸನ ಮಾಡಿದ್ರ ಜ್ವಾಳಷ್ಟ. ಶಿವನೇ ಬಂದು ಕರದ್ರೂ ಓ ಅನಬ್ಯಾಡ. ಮುಳುಗ್ತು, ಕೈ ಬಿಡು. ಮತ್ತ ತೇಲಿ ಬಿಡು. ಅದು ಮುಳುಗೂತನಕ ಏನೂ ಮಾಡಬ್ಯಾಡ, ಸುಮ್ಮ ಕುಂದ್ರು" ಎಂದರು ಅಪ್ಪ.

ಅತ್ತೆಗೆ ಸಿಟ್ಟು ಬಂತು. "ಅಯ್ಯನೋರ, ಲಗ್ನದ ಬಟ್ಟಲ್ರೀ ಅದು! ಜ್ವಾಳಾ ಹಸನ ಮಾಡ್ಲಾಕ ತಂದೀರಿ?"

"ಅದಕ್ಕೇನ ಗೊತ್ತದ ಬೀಗತಿ, ಲಗ್ನ ಯಾವ್ದು ಜ್ವಾಳಾ ಯಾವ್ದು? ಅದಕ್ಕ ನೀರೊಂದ ಗೊತ್ತು" ಎಂದು ಅಪ್ಪ ನಕ್ಕರು. ಆದರೆ ಬಟ್ಟಲಿಗೆ ವಿಭೂತಿ ಹಚ್ಚಿ, ಕೈಮುಗಿದೇ ನನ್ನ ಕೈಗೆ ಕೊಟ್ಟರು.

ಕೆಲಸ ಮಾಡುವುದು ಕಷ್ಟವೆಂದು ನೀನು ತಿಳಿದಿರಬಹುದು. ಇಲ್ಲ. ಸುಮ್ಮನೆ ಕೂಡುವುದು ಕಷ್ಟ. ಹಗಲು ಹೊತ್ತಿನಲ್ಲಿ, ಅತ್ತೆ ರೊಟ್ಟಿ ಬಡಿಯುತ್ತಿರುವಾಗ, ಸೊಸೆಯಾದವಳು ಕಂಬಕ್ಕೆ ಒರಗಿ ಬರಿಗೈಲಿ ಕೂಡುವುದು ಆ ಕಾಲದಲ್ಲಿ ಯಾವ ಮನೆಯಲ್ಲೂ ಇರಲಿಲ್ಲ. ನೀರಿಗೆ ಬಂದ ಹೆಂಗಸರು ಬಾಗಿಲಲ್ಲಿ ನಿಂತು ನೋಡಿಹೋಗುತ್ತಿದ್ದರು. "ಏನ್ರೀ ಇದು, ನಿಮ್ಮ ಸೊಸಿ ನವಾಬನ ಬೇಗಂ ಆಗ್ಯಾಳಲ್ಲ?" "ಹೂಂ ನಮ್ಮವ್ವ, ಬಟ್ಟಲ ಮುಳುಗೂತನಕ ಬೇಗಂ, ಮುಳುಗಿದ ಮ್ಯಾಗ ಸೊಸಿ" ಎನ್ನುತ್ತಿದ್ದರು ಅತ್ತೆ. ನನಗೆ ನೆಲ ಬಾಯಿ ಬಿಡಬಾರದೆ ಎನಿಸುತ್ತಿತ್ತು. ಕೈ ತಾನಾಗಿಯೇ ಮೊರದ ಕಡೆ, ಪೊರಕೆಯ ಕಡೆ ಹೋಗುತ್ತಿತ್ತು. ಅದನ್ನು ಹಿಡಿದು ತೊಡೆಯ ಕೆಳಗೆ ಇಟ್ಟುಕೊಂಡು ಕೂಡುತ್ತಿದ್ದೆ.

ಇನ್ನೊಂದು ಕಷ್ಟ ಯಾರಿಗೂ ಕಾಣದ್ದು. ಕೈ ಖಾಲಿಯಾದ ಕೂಡಲೆ ಶರಣಿ ಬಂದು ಅಲ್ಲಿ ಕೂಡುತ್ತಿದ್ದಳು. ಅವಳ ಕುತ್ತಿಗೆಯ ಬೆವರಿನ ವಾಸನೆ, ಕಿವಿಯ ಹಿಂದಿನ ಮೆತ್ತಗಿನ ಚರ್ಮ. ಕೆಲಸದ ಗಳಿಗೆಯಲ್ಲಿ ಅವಳನ್ನು ಹೊರಗೆ ನಿಲ್ಲಿಸಬಹುದಿತ್ತು, ಆರಾಮದ ಗಳಿಗೆಯಲ್ಲಿ ಆಗುತ್ತಿರಲಿಲ್ಲ. ಡಾಕ್ಟರರು ಇದಕ್ಕೆ ಮದ್ದು ಹೇಳಿರಲಿಲ್ಲ.

ಮೊದಲು ಮೊದಲು ಬಟ್ಟಲು ಅರ್ಧ ತುಂಬುವ ಮೊದಲೇ ನಾನು ಎಲ್ಲೋ ಹೋಗಿರುತ್ತಿದ್ದೆ. ಮೊರದಲ್ಲಿ ಜೋಳ, ನಾನು ಗೋಡೆ ನೋಡುತ್ತ. ಮುಳುಗುವಾಗ ಅದು ಕೊಪ್ಪರಿಗೆಯ ತಳಕ್ಕೆ ತಾಗಿ ಸಣ್ಣಗೆ ಠಣ್ ಎನ್ನುತ್ತಿತ್ತು. ಆ ಸದ್ದು ನನ್ನನ್ನು ವಾಪಸು ಕರೆದುಕೊಂಡು ಬರುತ್ತಿತ್ತು. ಬರುಬರುತ್ತ ಸದ್ದಿಗೆ ಮೊದಲೇ ನಾನಾಗಿ ಬರತೊಡಗಿದೆ. ಒಂದು ದಿನ ಬಟ್ಟಲು ಮುಳುಗಿದಾಗ ಮೊರದ ಜೋಳವೆಲ್ಲ ಹಸನಾಗಿತ್ತು, ಒಂದು ಹರಳೂ ಇರಲಿಲ್ಲ, ಮತ್ತು ನಾನು ಪೂರ್ತಿ ಅಲ್ಲೇ ಇದ್ದೆ. ಅತ್ತೆ ಬಂದು ಜೋಳದಲ್ಲಿ ಕೈಯಾಡಿಸಿ ನೋಡಿದರು. ಆ ದಿನ ನನ್ನ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಬಿತ್ತು.

ಯಜಮಾನರು ಅಂಗಡಿಯಿಂದ ಬಂದಾಗ ನಾನು ಸುಮ್ಮನೆ ಕೂತ ಹೊತ್ತಾಗಿದ್ದರೆ, ಅವರೂ ಪೇಟ ತೆಗೆದಿಟ್ಟು ಆಚೆ ಕಂಬಕ್ಕೆ ಒರಗಿ ಕೂಡುತ್ತಿದ್ದರು. ಅತ್ತೆ, "ಈಗ ಇಬ್ಬರಾದ್ರಪ್ಪ, ನಾನೂ ಬರ್ಲೇನ?" ಎನ್ನುತ್ತಿದ್ದರು. ಆ ಮನುಷ್ಯ ನನ್ನ ನಾಚಿಕೆಯನ್ನು ಅರ್ಧ ಹಂಚಿಕೊಂಡರು. ಅವರು ಹೋದ ಮೇಲೆ ಎಷ್ಟೋ ಸಂಗತಿ ಮಸುಕಾಗಿದೆ, ಇದು ಆಗಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಮುಂಜಾನೆಯಿಂದ ದೀಪದವರೆಗೆ ಹೀಗೆ ಗಳಿಗೆ ಗಳಿಗೆಯಾಗಿ ಮನೆ ಹಿಡಿಯಬಲ್ಲವಳಾದೆ. ಅತ್ತೆ ಕಮಲಾಪುರಕ್ಕೆ ಹೊರಡಲು ಸಿದ್ಧರಾದರು. ಅಷ್ಟರಲ್ಲಿ ಹಿಂದೂಸ್ತಾನದ ದಂಡು ಬಂತು. ಪೊಲೀಸ್ ಆ್ಯಕ್ಷನ್ ಎಂದು ಆಮೇಲೆ ಹೆಸರು ತಿಳಿಯಿತು. ಆಗ ನಮಗೆ ತಿಳಿದದ್ದು ಆಕಾಶದ ಸದ್ದು, ಹಾಕಿದ ಅಂಗಡಿ, ಬಸ್ಸಿಲ್ಲದ ದಾರಿ. ದಂಡು ಬಂದದ್ದಕ್ಕೆ ಕೆಲವು ಮನೆಗಳಲ್ಲಿ ಸಕ್ಕರೆ ಹಂಚಿದರು, ಕೆಲವು ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಅಂಜಿಕೆ ಒಂದು ಓಣಿಯಿಂದ ಎದ್ದು ಇನ್ನೊಂದು ಓಣಿಗೆ ಹೋಗಿ ಕೂತಿತು, ಅಷ್ಟೇ. ಅಮೀನಾಬಿ ಮನೆಯವರು ಒಂದು ಸಂಜೆ ಹೊರಟರು. ಹಿತ್ತಲ ಬಾಗಿಲಿನಿಂದ ಬಂದು ಬೀಗದ ಕೈ ಅತ್ತೆಯ ಕೈಗೆ ಕೊಟ್ಟು, "ಅಮ್ಮಾ, ಕೋಳಿಗೋಳ್ಗಿ ಸ್ವಲ್ಪ ನೋಡ್ಕೋರಿ" ಎಂದಳು. ಕೂಸನ್ನು ನೀರಿನಿಂದ ಎತ್ತಿದ ಕೈ ಅದು. ನಾವು ಅವಳಿಗೆ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅತ್ತೆ ದಿನಾ ಅವರ ಅಂಗಳ ಗುಡಿಸಿ ಬರುತ್ತಿದ್ದರು. ಚಳಿ ಕಳೆದ ಮೇಲೆ ಅವರು ತಿರುಗಿ ಬಂದರು. ಅವಳ ತಮ್ಮ ಮಾತ್ರ ಬರಲಿಲ್ಲ. ಎಲ್ಲಿ ಎಂದು ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ತಿಂಗಳುಗಳಲ್ಲಿ ಕಮಲಾಪುರಕ್ಕೆ ಯಾರೂ ಹೋಗಲಾಗಲಿಲ್ಲ. ಕೂಸು ಕ್ಷೇಮ ಎಂದು ಸಂತೆಗೆ ಬಂದವರ ಬಾಯಲ್ಲಿ ಸುದ್ದಿ ಬರುತ್ತಿತ್ತು. ದೊಡ್ಡವರಿಗೆ ತಿಂಗಳೆಂದರೆ ತಿಂಗಳು. ಆ ವಯಸ್ಸಿನ ಕೂಸಿಗೆ ಅದೇ ಒಂದು ಜನ್ಮ.

ಬಸ್ಸು ಬಿಟ್ಟ ಮೇಲೆ ನಾನೂ ಯಜಮಾನರೂ ಹೋದೆವು. ಅತ್ತೆ, "ನೀನ ಹೋಗು. ಕೂಸಿನ ಅವ್ವ ಹೋಗಿ ತರೂದ ಚಂದ" ಎಂದು ನನಗೆ ಹಸಿರು ಇಳಕಲ್ ಸೀರೆ ಉಡಿಸಿ, ಇನ್ನೂ ಗಿಡ್ಡವಿದ್ದ ನನ್ನ ಕೂದಲನ್ನು ಸೆರಗಿನಿಂದ ಮುಚ್ಚಿ ಕಳಿಸಿದರು.

ಗಂಗಮ್ಮನ ಮನೆಯಂಗಳದಲ್ಲಿ ಶರಣಿ ಕೆಂಪು ಬಾಳೆಯ ಹಣ್ಣು ಹಿಡಿದು ನಿಂತಿದ್ದಳು. ಬೆಳೆದಿದ್ದಳು. ನನ್ನನ್ನು ಕಂಡು ಓಡಿಹೋಗಿ ಗಂಗಮ್ಮನ ಸೀರೆಯೊಳಗೆ ಮುಖ ಮುಚ್ಚಿಕೊಂಡಳು. "ಯವ್ವಾ, ಯಾರೋ ಬಂದಾರ."

ಗಂಗಮ್ಮನ ಮುಖ ಬಿಳಿಚಿತು. ಅವಳನ್ನು ಮುಂದೆ ತಳ್ಳಿ, "ಯಾರೋ ಅಲ್ಲ, ನಿಮ್ಮವ್ವ ಅಕಿ. ನಾ ಸೋದರತ್ತಿ, ಎಷ್ಟ ಸಲ ಹೇಳಬೇಕ ನಿನಗ?" ಎಂದರು.

"ಹೂಂ ಯವ್ವಾ" ಎಂದಳು ಶರಣಿ.

ಗಂಗಮ್ಮನ ಮೈದುನನ ಮಕ್ಕಳು ನನ್ನನ್ನು ಮಾಮಿ, ಮಾಮಿ ಎಂದು ಮುತ್ತಿಕೊಂಡರು. ಅವರನ್ನು ನೋಡಿ ಅವಳೂ ಸ್ವಲ್ಪ ಹೊತ್ತಿಗೆ ಹತ್ತಿರ ಬಂದು, ನನ್ನ ಬಳೆ ಮುಟ್ಟಿ, "ಮಾಮಿ" ಎಂದಳು. ನಾನು ಓ ಎಂದೆ. ಏನು ಮಾಡಲಿ, ಅವಳು ಕರೆದಳಲ್ಲ.

ಗಂಗಮ್ಮ ಆಗಲೇ ಅವಳ ಲಂಗ, ಕುಲಾಯಿ, ಕಟ್ಟಿಗೆಯ ಎತ್ತು ಎಲ್ಲ ಒಂದು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದರು. ಕೊಡುವ ಮನಸ್ಸು ಅವರಿಗೆ ಪೂರ್ತಿ ಇತ್ತು. ಇದನ್ನು ನೀವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. "ಒಂದೆರಡ ದಿನ ಅಳ್ತಾಳ ಬಸಮ್ಮ, ಆಮ್ಯಾಗ ಹೊಂದತಾಳ" ಎಂದರು. ನಾನೂ ಹಾಗೇ ನಂಬಿದ್ದೆ. ಅಳುವ ಕೂಸನ್ನು ಎತ್ತಿಕೊಂಡು ಹೋಗುವ ಗಟ್ಟಿತನ ನನ್ನಲ್ಲಿತ್ತು. ಅವಳು ನನ್ನ ಗುರುತು ಹಿಡಿಯಲಿಲ್ಲ ಎಂದು ನಾನು ಬಿಟ್ಟುಬಂದೆ ಎಂದು ಜನ ಹೇಳುತ್ತಾರೆ. ಅದು ಸುಳ್ಳು.

ಮರುದಿನ ಮುಂಜಾನೆ, ಬಸ್ಸಿಗೆ ಇನ್ನೂ ಹೊತ್ತಿತ್ತು. ಶರಣಿ ತಾನಾಗಿ ನನ್ನ ಬೆರಳು ಹಿಡಿದು, "ಮಾಮಿ, ಬಾಳಿಗಿಡ ತೋರಸ್ತೀನಿ ಬಾ" ಎಂದಳು. ಹಿತ್ತಲಿನಲ್ಲಿ ತೋಟ, ತೋಟದ ಅಂಚಿಗೆ ಬಾವಿ. ಅವಳು ಏನೇನೋ ಹೇಳುತ್ತಿದ್ದಳು. ಅವಳ ಬೆರಳು ನನ್ನ ಕೈಯಲ್ಲಿ ಬೆಚ್ಚಗಿತ್ತು. ಆಮೇಲೆ ಬೆರಳು ಇರಲಿಲ್ಲ. ನನ್ನ ಕೈ ಹಾಗೇ ಮುಂದೆ ಚಾಚಿಕೊಂಡಿತ್ತು, ಬಿಸಿಲು ಎಲೆಗಳ ಮೇಲಿಂದ ಸರಿದು ಬೇರೆ ಕಡೆ ಬಿದ್ದಿತ್ತು. ಬಾವಿಯ ಕಡೆ ಓಡಿದೆ. ಬಗ್ಗಿ ನೋಡಿದೆ. ನೀರು ನಿಶ್ಚಲವಾಗಿತ್ತು. ಬೆನ್ನ ಹಿಂದೆ ಗಿಡಗಳ ನಡುವೆ ಕಿಲಕಿಲ ನಗು ಕೇಳಿತು. ಅವಳು ಅಡಗಿಕೊಂಡಿದ್ದಳು. "ಮಾಮೀ, ನೀ ನನ್ನ ಹುಡಕ್ಲೇ ಇಲ್ಲ!"

ಯಾರೂ ನೋಡಿರಲಿಲ್ಲ. ಏನೂ ಆಗಿರಲಿಲ್ಲ. ಅವಳ ಕೈ ಹಿಡಿದು, ಗಂಟು ಎತ್ತಿಕೊಂಡು ಬಸ್ಸು ಹತ್ತಬಹುದಿತ್ತು.

ಅಲ್ಲಿ ನಿಂತಾಗ ನನಗೆ ತಿಳಿಯಿತು. ಜೋಳ ಕಾಯುತ್ತದೆ, ಪಾತ್ರೆ ಕಾಯುತ್ತದೆ, ಬಟ್ಟಲು ಮುಳುಗುವವರೆಗೆ ಹಿಟ್ಟು ಇದ್ದಲ್ಲೇ ಇರುತ್ತದೆ. ಕೂಸು ಕಾಯುವುದಿಲ್ಲ. ಕೂಸಿನ ಕೆಲಸಕ್ಕೆ ನಡುವೆ ಆರಾಮದ ಗಳಿಗೆ ಇಲ್ಲ. ನಾನು ಕಲಿತದ್ದು ಮನೆ ಹಿಡಿಯುವುದನ್ನು, ಮಗಳನ್ನು ಹಿಡಿಯುವುದನ್ನಲ್ಲ. ನಮ್ಮ ಅಂಗಳದ ಆ ತೊಟ್ಟಿ ಕಣ್ಣ ಮುಂದೆ ಬಂತು. ಪ್ರತಿ ಸಲವೂ ಗೋಡೆಯಾಚೆ ಅಮೀನಾಬಿ ಇರುವುದಿಲ್ಲ.

ಅಡಿಗೆಮನೆಗೆ ಹೋಗಿ ಗಂಗಮ್ಮನಿಗೆ ಹೇಳಿದೆ. "ಅಕ್ಕ, ಕೂಸ ಇಲ್ಲೇ ಇರ್ಲಿ. ನನಗ ಇನ್ನಾ ಆರಾಮ ಆಗಿಲ್ಲ."

ಅವರು ಹಿಟ್ಟಿನ ಕೈಯಲ್ಲೇ ನನ್ನ ಮುಖ ಹಿಡಿದರು. "ಹಂಗ ಅನಬ್ಯಾಡ ಬಸಮ್ಮ. ಗಂಗಿ ಕೂಸಿನ ಕಸ್ಕೊಂಡ್ಳು ಅಂತಾರ ಮಂದಿ. ನನ್ನ ಪಾಪಕ್ಕ ಗುರಿ ಮಾಡಬ್ಯಾಡ."

"ನೀವು ಕಸ್ಕೊಂಡಿಲ್ಲಕ್ಕ. ನಾ ಕೊಡ್ಲಾಕತ್ತೀನಿ."

"ಎಷ್ಟ ದಿನಕ್ಕ?"

ಬಾಗಿಲ ಹತ್ತಿರ ಕೂತು ಗಂಟು ಬಿಚ್ಚಿದೆ. ಗಂಗಮ್ಮ ಬಿಗಿಯಾಗಿ ಕಟ್ಟಿದ್ದರು, ಉಗುರಿಗೆ ಬರಲಿಲ್ಲ, ಹಲ್ಲಿನಿಂದ ಬಿಚ್ಚಬೇಕಾಯಿತು. ಲಂಗ ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕಿದೆ. ಆ ಕೆಲಸದಲ್ಲಿ ನನ್ನ ಧ್ಯಾನ ಒಂದಿಷ್ಟೂ ತಪ್ಪಲಿಲ್ಲ.

ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ಕೂತರು, ನಾನು ಈ ಕಡೆ. ಕಲಬುರ್ಗಿ ಹತ್ತಿರ ಬಂದಾಗ ನೋಡಿದೆ. ಬಸ್ಸು ತುಂಬಿ ಜನ ನಿಂತಿದ್ದರು, ನಮ್ಮಿಬ್ಬರ ನಡುವೆ ಮಾತ್ರ ಒಂದು ಕೂಸು ಕೂಡುವಷ್ಟು ಜಾಗ ಖಾಲಿ ಇತ್ತು. ಇಬ್ಬರೂ ಗೊತ್ತಿಲ್ಲದೆ ಬಿಟ್ಟಿದ್ದೆವು. ಅವರು ಸರಿಯಲಿಲ್ಲ, ನಾನೂ ಸರಿಯಲಿಲ್ಲ. ನಿಂತಿದ್ದ ಮುದುಕಿಯೊಬ್ಬಳು, "ತಂಗಿ, ಸ್ವಲ್ಪ ಸರೀವಾ" ಎಂದು ಬಂದು ಅಲ್ಲಿ ಕೂತಳು. ಆಗ ಯಜಮಾನರು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತರು.

ನೀಲಾ, ನಾನು ಆಮೇಲೆ ಸುಧಾರಿಸಿದೆ. ನಿಜಾಮರು ಹೋಗಿ, ನಮ್ಮ ಸೀಮೆ ಕನ್ನಡ ನಾಡಿಗೆ ಸೇರುವ ಹೊತ್ತಿಗೆ ನನಗೆ ಬಟ್ಟಲು ಬೇಕಾಗಿರಲಿಲ್ಲ, ಅಪ್ಪನಿಗೆ ತಿರುಗಿ ಕೊಟ್ಟೆ. ಈಗಲೂ ದಣಿಯುವ ಮೊದಲೇ ಕೂಡುತ್ತೇನೆ, ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ನೀನೂ ಹಾಗೇ ಮಾಡು. ಒಂದು ಪಾಠವೇ ಬೇಕೆಂದಿಲ್ಲ, ಒಂದು ಹಾಳೆ ಸಾಕು. ಹಾಳೆಯಾದ ಮೇಲೆ ಪುಸ್ತಕ ಮುಚ್ಚಿ ಕೂಡು, ಮಲ್ಲು ಏನಾದರೂ ಅನ್ನಲಿ. ಸುಮ್ಮನೆ ಕೂತವಳನ್ನು ನೋಡಿ ನಗುವವರು ಯಾವ ಕಾಲದಲ್ಲೂ ಇರುತ್ತಾರೆ. ಧ್ಯಾನ ಎಂಬುದು ಮುನಿಸಿಕೊಂಡು ಹೋದ ದನದ ಹಾಗೆ, ಅಟ್ಟಿಸಿಕೊಂಡು ಹೋದರೆ ಇನ್ನೂ ದೂರ ಹೋಗುತ್ತದೆ. ನೀನು ಕೊಟ್ಟಿಗೆಯಲ್ಲಿ ಮೇವು ಹಾಕಿ ಕೂತಿರು, ಅದು ಬರುತ್ತದೆ.

ನನಗೂ ಬಂತು, ಆದರೆ ತಡವಾಗಿ. ಅಷ್ಟರಲ್ಲಿ ಶರಣಿ ಸಾಲೆಗೆ ಹೋಗುತ್ತಿದ್ದಳು, ಗಂಗಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಅವಳನ್ನು ಅಲ್ಲಿಂದ ಎಬ್ಬಿಸಲು ನನಗೆ ಯಾವ ಹಕ್ಕಿತ್ತು? ನನಗೆ ಮತ್ತೆ ಮಕ್ಕಳಾಗಲಿಲ್ಲ. ಅವಳ ಲಗ್ನದಲ್ಲಿ ಗಂಗಮ್ಮ ಮತ್ತು ಅವರ ಯಜಮಾನರು ಕೂತು ಧಾರೆ ಎರೆದರು. ನಾನು ಅಕ್ಕಿಕಾಳು ಹಾಕುವವರ ಸಾಲಿನಲ್ಲಿ ನಿಂತಿದ್ದೆ. ಕಾಳು ಹಾಕಿದೆ.

ಒಂದೇ ಒಂದು ಸಲ ಅವಳು ಕೇಳಿದಳು. ಮಲ್ಲು ಹೊಟ್ಟೆಯಲ್ಲಿದ್ದ, ಬಾಣಂತನಕ್ಕೆ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ನೋಡದೆ, "ಮಾಮಿ, ನನ್ನ ಯಾಕ ಬಿಟ್ರಿ?" ಎಂದಳು. ಎಷ್ಟು ಮಾತು ಇತ್ತು ನನ್ನೊಳಗೆ. "ಆಗ ನನಗ ಆರಾಮ ಇರ್ಲಿಲ್ಲವ್ವ" ಎಂದೆ. ಅಷ್ಟೇ ಬಂತು. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಎದ್ದು, "ಬಸ್ಸಿಗಿ ಹೊತ್ತಾತು" ಎಂದಳು. ಮತ್ತೆ ಎಂದೂ ಕೇಳಲಿಲ್ಲ.

ಅವಳು ಕಾದ ಆ ಹೊತ್ತಿನಲ್ಲಿ ಹೇಳಬೇಕಾದದ್ದು ಇದು. ನೀವು ಓದಿದ ಮೇಲೆ ಅವಳಿಗೆ ತೋರಿಸಲೇಬೇಕೆಂದು ನಾನು ಹೇಳುವುದಿಲ್ಲ. ಅವಳು ಮತ್ತೊಮ್ಮೆ ಯಾರ ಹತ್ತಿರವಾದರೂ ಆ ಮಾತು ಕೇಳಿದರೆ ಮಾತ್ರ ಕೊಡಿರಿ. ಕೇಳದಿದ್ದರೆ ಬೇಡ. ಆದರೆ ಈ ಹಾಳೆಗಳನ್ನು ನಾನು ಸತ್ತ ಮೇಲೆ ನನ್ನ ಟ್ರಂಕಿನಲ್ಲಿ ಬಿಡಬೇಡಿರಿ, ನಿಮ್ಮ ಮನೆಗೆ ಒಯ್ಯಿರಿ. ಗೆದ್ದಲು ಹತ್ತದ ಹಾಗೆ ಬೇವಿನ ಎಲೆ ಹಾಕಿ, ಅವಳ ಸೀರೆಗಳ ಕೆಳಗೆ ಇಡಿರಿ. ಅವಳು ದಿನಾ ತೆರೆಯುವ ಕಪಾಟಿನಲ್ಲಿ, ಅವಳ ಕೈಗೆ ಎಟುಕುವಷ್ಟು ಹತ್ತಿರ, ಜೋಪಾನವಾಗಿ ಇರಲಿ.